ಸಾಕಮ್ಮನ ಮನೆಯ ಗಾಳಿ

ಮನೆಯೊಳಗಿನ ಗಾಳಿ ಎಷ್ಟು ಕೆಟ್ಟಿದೆ ಎಂದು ಅಳೆಯುವ ಪುಟ್ಟ ಮಿಷನ್ ಹಿಡಿದು ಊರೂರು ಸುತ್ತುವುದು ನನ್ನ ಕೆಲಸ. ಪಿರಿಯಾಪಟ್ಟಣದ ಕಡೆಯ ಒಂದು ಹಳ್ಳಿಯಲ್ಲಿ ಸಾಕಮ್ಮ ಅನ್ನುವವರಿಗೆ ಮೊದಲೇ ಫೋನ್ ಮಾಡಿ ಹೇಳಿಯೇ ಹೋಗಿದ್ದೆ. ಒಳಗೆ ಕಾಲಿಟ್ಟು ಸ್ವಿಚ್ ಒತ್ತಿದ್ದೇ ತಡ, ಮಿಷನ್ ಕೆಂಪು ದೀಪ ಹೊತ್ತಿಸಿಕೊಂಡು ಕೂಗತೊಡಗಿತು. ಬಾಗಿಲಲ್ಲಿ ಇಣುಕುತ್ತಿದ್ದ ಅಕ್ಕಪಕ್ಕದವರು ಮುಖ ಮುಖ ನೋಡಿಕೊಂಡರು.

"ಯಾಕ್ ಸಾ, ಅಂಗ್ ಬಡ್ಕತದೆ?" ಎಂದರು ಸಾಕಮ್ಮ.

"ಗಾಳೀಲಿ ಕೆಮಿಕಲ್ ಜಾಸ್ತಿ ಇದೆಯಮ್ಮ."

ಅವರ ಮುಖ ಸಣ್ಣದಾಯಿತು. "ಏನ್ ಸಾ ಇಂಗಂತೀರಿ? ನೀವ್ ಬತ್ತೀರಿ ಅಂತ ಎರಡೆರಡು ಸತಿ ಫಿನಾಯಿಲ್ ಆಕಿ ಒರ್ಸಿವ್ನಿ. ಆ ವಾಸ್ನೆ ಓಗ್ಲಿ ಅಂತ ಸೆಂಟ್ ಒಡ್ದಿವ್ನಿ. ನೊಣ ಬರ್ಬಾರ್ದು ಅಂತ ಕಿಟಕಿನೂ ಮುಚ್ಚಿವ್ನಿ!"

"ದಿನಾ ಇಷ್ಟೆಲ್ಲ ಮಾಡ್ತೀರಾ?"

"ದಿನಾ ಯಾರ್ ಮಾಡ್ತಾರೆ ಬುಡಿ? ಬರೀ ನೀರಲ್ಲಿ ಒರ್ಸಿ ಬಾಗ್ಲು ತಗ್ದಿರ್ತೀನಿ."

ಕಿಟಕಿ, ಬಾಗಿಲೆಲ್ಲ ಪೂರ್ತಿ ತೆರೆಸಿ ಜಗಲಿಯಲ್ಲಿ ಕೂತು ಕಾಫಿ ಕುಡಿದೆ. ಆಮೇಲೆ ಒಳಗೆ ಹೋದರೆ ಮಿಷನ್ನಿನ ದೀಪ ತಣ್ಣಗೆ ಹಸಿರಾಯಿತು. ಸಾಕಮ್ಮ ಅಕ್ಕಪಕ್ಕದವರಿಗೆಲ್ಲ ಕೇಳುವ ಹಾಗೆ ಹೇಳಿದರು: "ನೋಡುದ್ರಾ ಸಾ? ನೀವ್ ಬರ್ದೇ ಇದ್ರೆ ನಮ್ಮನೆ ಗಾಳಿ ಚೆಂದಾಗೇ ಇರ್ತದೆ."

ಮನೆಯ ಗಾಳಿ ಯಾವ್ಯಾವುದರಿಂದ ಕೆಡುತ್ತದೆ ಎಂದು ನಮ್ಮ ತರಬೇತಿಯಲ್ಲಿ ಬೇಕಾದಷ್ಟು ಹೇಳಿಕೊಟ್ಟಿದ್ದರು. ಅದರಲ್ಲಿ ನನ್ನ ಹೆಸರೊಂದು ಬಿಟ್ಟುಹೋಗಿತ್ತು.