ಊರು ಬಿಟ್ಟವರ ಹೆಸರು

ಸುಳ್ಯದಿಂದ ಮಡಿಕೇರಿಗೆ ಹೋಗುವ ಬಸ್ಸಿನಲ್ಲಿ ನನ್ನ ಪಕ್ಕ ಒಬ್ಬ ಇಂಗ್ಲೆಂಡಿನವನು ಕೂತಿದ್ದ. ಅವನ ಮನೆತನದ ಹೆಸರು ಅವರಲ್ಲೇ ಅಪರೂಪವಂತೆ. ಅದು ಒಂದು ಹಳ್ಳಿಯ ಹೆಸರು. ಆ ಹಳ್ಳಿಗೆ ಹೋಗಿ ಸಮಾಧಿಕಲ್ಲುಗಳನ್ನೆಲ್ಲ ಓದಿದರೂ ಆ ಹೆಸರಿನವರು ಒಬ್ಬರೂ ಸಿಕ್ಕಿರಲಿಲ್ಲ.

"ನಾವು ಅಲ್ಲಿಯವರೇ ಅಲ್ಲವೇನೋ" ಎಂದು ಪೆಚ್ಚಾಗಿ ಹೇಳಿದ.

ನನಗೆ ಬಂದಷ್ಟು ಇಂಗ್ಲಿಷಿನಲ್ಲಿ ಹೇಳಿದೆ: "ಅಲ್ಲಿ ಹೇಗೆ ಸಿಗ್ತಾರೆ ಮಾರಾಯ? ಅರಂತೋಡಿನಲ್ಲಿ ಹುಟ್ಟಿದ ನನ್ನನ್ನು ಅಲ್ಲಿ ಯಾರೂ ಅರಂತೋಡಮ್ಮ ಅನ್ನುದಿಲ್ಲ. ಮದುವೆಯಾಗಿ ಕಲಬುರಗಿಗೆ ಹೋದ ಮೇಲೆ ಬಂದ ಹೆಸರು ಅದು. ನಿನ್ನ ಹಿರಿಯರಿಗೂ ಊರು ಬಿಟ್ಟ ಮೇಲೆಯೇ ಬಂದಿರಬೇಕು."

ಅವನ ಮುಖ ಅರಳಿತು. "ಹಾಗಾದರೆ ಅರಂತೋಡಿನಲ್ಲಿ ನಿಮ್ಮನ್ನು ಏನೆಂದು ಕರೆಯುತ್ತಾರೆ?"

ನಾನು ಬಾಯಿ ತೆರೆಯುವ ಮೊದಲೇ ನಮ್ಮೂರಿನವನೇ ಆದ ಕಂಡಕ್ಟರ್ ಕೂಗಿದ: "ಕಲಬುರಗಿ ಅಕ್ಕಾ, ಅರಂತೋಡು ಬಂತು, ಇಳಿಯುದಿಲ್ವಾ?"