ಗಾಜಿನ ಮನಿಯಾಗ ಬಿಟ್ಟ ಜಾಗ

ನಾನು ಮಕ್ತಲ್‌ನಾಗ ಗಾಜಿನ ಕೆಲಸ ಮಾಡಾಂವ. ಗದ್ವಾಲದ ಸೀರಿ ವ್ಯಾಪಾರಿಯೊಬ್ಬರ ಹಿತ್ತಲದಾಗ ಗಿಡ ಬೆಳೆಸೋ ಹಳೇ ಗಾಜಿನ ಮನಿ ಇತ್ತು. ಅದನ್ನ ಬಿಚ್ಚಿ, ಉಟ್ಕೂರ್ ಹತ್ರ ಅವರ ಹೊಲದಾಗ ನಿಲ್ಲಿಸಿ, ಹೊಸ ಗಾಜು ಕೂಡ್ರಿಸಬೇಕಾಗಿತ್ತು. ಗಿಡ ಎಲ್ಲಾ ಅವರ ಹೆಂಡ್ತಿದು. ಜಡ್ಡಿನಾಗ ಸೊರಗಿದ್ರೂ ಆಯಮ್ಮ ಹೊಲಕ್ಕ ಬಂದು, ಕುರ್ಚಿ ಹಾಕ್ಕೊಂಡು ಕುಂತಿದ್ರು.

“ನಡುವ ಪಾತಿ ಮಾಡಬ್ಯಾಡ್ರಿ, ಖಾಲಿ ಬಿಡ್ರಿ” ಅಂದ್ರು.

“ಅಷ್ಟು ಜಾಗ ದಂಡ ಆಗ್ತೈತಲ್ರೀ ಅಮ್ಮಾ?”

“ಅದು ನನಗ ರೀ. ನಮ್ಮವರು ಸತ್ತೋರನ್ನ ಸುಡಂಗಿಲ್ಲ, ಕುಂದ್ರಿಸಿ ಮಣ್ಣು ಮಾಡ್ತಾರ. ಸುತ್ತ ನನ್ನ ಗಿಡ ಇರ್ಲಿ.”

ಅವರ ಯಜಮಾನ್ರು ಬೆನ್ನು ತಿರುಗಿಸಿ ಬದುವಿನ ಕಡೆ ನಡೆದುಬಿಟ್ರು. ನನಗ ಎಲ್ಲಾ ಗಿರಾಕಿಗೂ ಹೇಳೋ ಮಾತೇ ಬಾಯಿಗೆ ಬಂತು. “ಮಳಿಗಾಲದಾಗ ಸೋರಿದ್ರ ಒಂದು ಫೋನ್ ಮಾಡ್ರಿ ಅಮ್ಮಾ, ಬಂದು ಸರಿ ಮಾಡ್ತೀನಿ.”

ಆಯಮ್ಮ ನಕ್ಕರು. “ನನ್ನ ಫೋನ್ ಬರಂಗಿಲ್ಲ. ನೀವೇ ಬಂದು ನೋಡ್ಕೊಂಡು ಹೋಗ್ರಿ.”

ಮಳಿಗಾಲಕ್ಕ ಮೊದಲೇ ಅವರನ್ನ ಅಲ್ಲಿ ಕುಂದ್ರಿಸಿದ್ರು. ಜೋರು ಮಳಿ ಆದಾಗೆಲ್ಲಾ ಹೋಗಿ ಗಾಜು ನೋಡಿ ಬರ್ತೀನಿ. ನನ್ನ ಗಿರಾಕಿಗಳೊಳಗ ಇವತ್ತಿನ ತನಕ ಒಂದೂ ತಕರಾರು ಹೇಳದೋರು ಅವರೊಬ್ರೇ.