ಕೊನೆಯ ಅಧ್ಯಾಯಕ್ಕೆ ಬಾಳೆನಾರಿನ ಗಂಟು

ಚಾಮರಾಜಪೇಟೆಯ ಈ ಅಡ್ಡರಸ್ತೆಯಲ್ಲಿ ಬೀದಿದೀಪ ಇನ್ನೂ ಆರಿಲ್ಲ. ಹಾಲಿನ ಬೂತಿನವನು ಕ್ರೇಟು ಇಳಿಸುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಅರ್ಧ ಎತ್ತಿದ ಶಟರಿನ ಕೆಳಗೆ ತಲೆ ತಗ್ಗಿಸಿ ಒಳಹೋದರೆ, ಸಣ್ಣ ಗ್ಯಾಸ್ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಅಕ್ಕಯ್ಯಮ್ಮ ಮೈದಾ ಗಂಜಿ ತಿರುವುತ್ತಿದ್ದಾರೆ. ತಿಂಡಿಗೆ ಅಂದುಕೊಂಡು ಆಸೆಪಟ್ಟೀರಿ, ಅದು ಪುಸ್ತಕಕ್ಕೆ ಹಚ್ಚುವ ಅಂಟು. ಕುದಿ ಬರುವಾಗ ಚಿಟಿಕೆ ಮೈಲುತುತ್ತ ಉದುರಿಸುತ್ತಾರೆ, ಹುಳು ಹತ್ತಿರ ಸುಳಿಯದಿರಲಿ ಅಂತ.

"ಗಂಟಾಗ್ಬಾರ್ದು ಸಾರ್. ದಿನಾ ಮುದ್ದೆ ತಿರುವೋ ಕೈ, ಇದೇನು ದೊಡ್ಡದಲ್ಲ ಬಿಡಿ" ಅನ್ನುತ್ತಾರೆ.

ಅವರ ಪಕ್ಕದಲ್ಲಿ ರಟ್ಟು ಕಿತ್ತ, ಬೆನ್ನು ಮುರಿದ ಪತ್ತೇದಾರಿ ಕಾದಂಬರಿಗಳ ರಾಶಿ. ಹಿಂದಿನ ಸಂಜೆ ಹೊಲಿದು ಒತ್ತುಯಂತ್ರಕ್ಕೆ ಸಿಕ್ಕಿಸಿದ ಪುಸ್ತಕಗಳನ್ನು ಒಂದೊಂದಾಗಿ ಬಿಡಿಸಿ, ಬೆನ್ನಿಗೆ ಅಂಟು ಬಳಿದು, ಬಟ್ಟೆ ಎಳೆದು ಕೂರಿಸುತ್ತಾರೆ. ದಿನಕ್ಕೆ ಎಂಟೋ ಹತ್ತೋ ಆಗುತ್ತವೆ. ಪರೀಕ್ಷೆ ಹತ್ತಿರ ಬಂದರೆ ಮಕ್ಕಳ ಗೈಡುಗಳೂ ಸೇರಿ ಉಸಿರಾಡಲು ಬಿಡುವಿರುವುದಿಲ್ಲ.

ಇದು ವೃಷಭೇಂದ್ರಪ್ಪನವರು ನಡೆಸುವ ಬಾಡಿಗೆ ಪುಸ್ತಕಗಳ ಲೈಬ್ರರಿ. ಮುಂದಿನ ಕೋಣೆಯಲ್ಲಿ ಕಪಾಟು, ಹಿಂದಿನ ಕೋಣೆಯಲ್ಲಿ ಅಕ್ಕಯ್ಯಮ್ಮ. ಊರೆಲ್ಲ ಮೊಬೈಲು ನೋಡುವ ಕಾಲದಲ್ಲಿ ಇಂಥದ್ದೊಂದು ಇನ್ನೂ ಉಸಿರಾಡುತ್ತಿದೆಯೇ ಎಂದು ಹುಬ್ಬೇರಿಸಬೇಡಿ. ಉಸಿರಾಟವೇನು, ಇಲ್ಲಿ ಜಗಳಗಳೇ ನಡೆಯುತ್ತವೆ. ಕೊಲೆಗಾರ ಯಾರು ಎಂಬ ಜಗಳ.

ಕಾರಣ, ಇಲ್ಲಿನ 'ಯುಗಾದಿ ಪಂದ್ಯ'. ಒಂದು ಯುಗಾದಿಯಿಂದ ಮುಂದಿನ ಯುಗಾದಿಯೊಳಗೆ ಹನ್ನೆರಡು ಪತ್ತೇದಾರಿ ಕಾದಂಬರಿ ಓದಿ ಮುಗಿಸಬೇಕು. ಇಂಟರ್ನೆಟ್ಟಿನಲ್ಲೂ ಜನ ವರ್ಷಕ್ಕಿಷ್ಟು ಪುಸ್ತಕ ಅಂತ ಪಣ ತೊಡುತ್ತಾರೆ, ನನಗೂ ಗೊತ್ತು. ಆದರೆ ಅಲ್ಲಿ ಓದಿದೆ ಅಂದರೆ ಮುಗಿಯಿತು, ಯಾರು ನೋಡಲು ಬರುತ್ತಾರೆ? ಇಲ್ಲಿ ಪ್ರತಿ ಪುಸ್ತಕದ ಕೊನೆಯ ಅಧ್ಯಾಯಕ್ಕೆ ಬಾಳೆನಾರು ಬಿಗಿದಿರುತ್ತದೆ. ಮಾರ್ಕೆಟ್ಟಿನ ಹೂವಿನವರು ಮಾಲೆ ಕಟ್ಟುವ ಅದೇ ನಾರು. ನೀರಲ್ಲಿ ನೆನೆಸಿ ಗಂಟು ಹಾಕಿದರೆ, ಒಣಗಿದ ಮೇಲೆ ಕತ್ತರಿಸಬೇಕೇ ಹೊರತು ಬಿಚ್ಚಲು ಬರುವುದಿಲ್ಲ. ಕದ್ದು ನೋಡಿದವರು ಸಿಕ್ಕಿಬೀಳುತ್ತಾರೆ. ಓದುಗರು ಅಲ್ಲಿಯವರೆಗೆ ಓದಿ, ಕೌಂಟರಿಗೆ ಬಂದು, ಕೊಲೆಗಾರ ಇಂಥವನು, ಯಾಕೆಂದರೆ ಹೀಗೆ ಎಂದು ಹೇಳಬೇಕು. ಆಮೇಲೆ ಅಕ್ಕಯ್ಯಮ್ಮ ನಾರು ಕತ್ತರಿಸುತ್ತಾರೆ. ಅಲ್ಲೇ ನಿಂತು ಓದಬೇಕು. ಊಹೆ ಸರಿಯಾದರೆ ಒಂದು ಡಬ್ಬಿಯಿಂದ ಬೆಲ್ಲದ ಚೂರು, ತಪ್ಪಾದರೆ ಇನ್ನೊಂದರಿಂದ ಒಣಗಿಸಿದ ಬೇವಿನ ಹೂವು. ತಪ್ಪಾದರೂ ಪುಸ್ತಕ ಲೆಕ್ಕಕ್ಕೆ ಸೇರುತ್ತದೆ, ಆದರೆ ಬೇವನ್ನು ಅಗಿದು ನುಂಗಲೇಬೇಕು.

ಈ ನಾರಿನ ಉಪಾಯ ಯಾರದು ಎಂದರೆ ವೃಷಭೇಂದ್ರಪ್ಪನವರು ಹಿಂದಿನ ಕೋಣೆಯತ್ತ ಕೈ ತೋರಿಸುತ್ತಾರೆ. "ನಂದು ಬರೀ ಬೋರ್ಡು. ಪಂದ್ಯ ನಡೆಸೋರು ಅವ್ರು."

ಅಕ್ಕಯ್ಯಮ್ಮನವರ ತಂದೆ ದೇವನಹಳ್ಳಿಯ ಕಡೆಯಿಂದ ಬಿನ್ನಿಪೇಟೆಯ ಗಿರಣಿಗೆ ಕೆಲಸಕ್ಕೆ ಬಂದವರು. ಗಿರಣಿಯ ಕೂಲಿ ಏರುಪೇರಾದಾಗ, ಏಳನೇ ಕ್ಲಾಸು ಮುಗಿಸಿದ್ದ ಮಗಳು ಚಾಮರಾಜಪೇಟೆಯ ಒಂದು ಪ್ರೆಸ್ಸಿಗೆ ಸೇರಿದಳು. ಅಚ್ಚಾದ ದೊಡ್ಡ ಹಾಳೆಯನ್ನು ಮಡಿಸಿ ಹದಿನಾರು ಪುಟದ ಕಟ್ಟು ಮಾಡುವ ಕೆಲಸ. ಆ ಕಟ್ಟಿಗೆ ಪ್ರೆಸ್ಸಿನವರು 'ಫಾರಂ' ಅನ್ನುತ್ತಾರೆ. ಮಡಿಸುತ್ತ ಮಡಿಸುತ್ತ ಕಣ್ಣಿಗೆ ಬಿದ್ದಷ್ಟು ಓದಿದ್ದೇ ಓದು.

"ಯಾವ ಫಾರಂ ಮೊದ್ಲು ಕೈಗೆ ಬರುತ್ತೋ ಹೇಳಕ್ಕಾಗ್ತಿರ್ಲಿಲ್ಲ. ಎಷ್ಟೋ ಸಲ ಕೊನೇದೇ ಮೊದ್ಲು ಬರೋದು" ಎಂದು ನಗುತ್ತಾರೆ. "ಇವತ್ತು ಕೊಲೆಗಾರ ಸಿಕ್ಕಿಬೀಳ್ತಿದ್ದ. ಕೊಲೆ ನಾಳಿದ್ದು ಆಗ್ತಿತ್ತು!"

ಮಡಿಸುವ ಯಂತ್ರ ಬಂದ ಮೇಲೆ ಪ್ರೆಸ್ಸಿನಲ್ಲಿ ಹೆಂಗಸರಿಗೆ ಕೆಲಸ ಉಳಿಯಲಿಲ್ಲ. ಜೊತೆಯವರು ಗಾರ್ಮೆಂಟ್ಸಿಗೆ ಹೋದರು. ಮಂಡಿಯಲ್ಲಿ ಮೂಟೆ ಹೊರುತ್ತಿದ್ದ ಗಂಡನಿಗೆ ಅದೇ ಹೊತ್ತಿಗೆ ಬೆನ್ನು ಕೈಕೊಟ್ಟಿತು. ಅಕ್ಕಯ್ಯಮ್ಮ ದಬ್ಬಳ, ದಾರ ಹಿಡಿದು ಈ ಹಿಂದಿನ ಕೋಣೆಗೆ ಬಂದು ಕೂತರು. ಇಲ್ಲಿಯ ದುಡಿಮೆಯಲ್ಲೇ ಮನೆ ನಡೆಯಿತು, ಮಗಳು ನರ್ಸ್ ಆದಳು. ಇದನ್ನೆಲ್ಲ ಅವರು ಅಳುಮೋರೆಯಿಂದ ಹೇಳುವುದಿಲ್ಲ. "ಆಯ್ತು, ಆಯ್ತು. ಮಾಡಿದ್ವಿ" ಎಂದು ಎರಡೇ ಮಾತಿಗೆ ಮುಗಿಸುತ್ತಾರೆ.

ಆದರೆ ಒಂದು ಕೊರಗು ಮಾತ್ರ ಒಳಗೇ ಇತ್ತು. ಪತ್ತೇದಾರಿ ಕಥೆ ಎಂದರೆ ಪ್ರಾಣ ಬಿಡುವ ಈ ಹೆಂಗಸಿಗೆ ಕೊಲೆಗಾರ ಯಾರೆಂದು ಯಾವತ್ತೂ ಮೊದಲೇ ಗೊತ್ತಿರುತ್ತಿತ್ತು. ಹೊಲಿಯುವ ಮುಂಚೆ ಫಾರಂಗಳನ್ನು ಸರಿಯಾಗಿ ಜೋಡಿಸಬೇಕಲ್ಲ? ಜೋಡಿಸುವಾಗ ಕೊನೆಯ ಪುಟ ಕಣ್ಣಿಗೆ ಬೀಳದೆ ಇರುತ್ತದೆಯೇ? ಕೌಂಟರಿನಲ್ಲಿ ಜನ ತಲೆ ಕೆರೆದುಕೊಳ್ಳುವುದನ್ನು, ನಾರು ಕಡಿದಾಗ "ಅಯ್ಯೋ!" ಎಂದು ಕೂಗುವುದನ್ನು ಅವರು ಇಷ್ಟು ವರ್ಷ ನೋಡುತ್ತಲೇ ಬಂದರು. ತಮಗೂ ಒಮ್ಮೆ ಹಾಗೆ ಮೋಸಹೋಗಬೇಕು ಅನ್ನಿಸುತ್ತಿತ್ತು. ಈ ಆಸೆ ನನಗೆ ನಗು ತರಿಸಲಿಲ್ಲ. ಊರಿಗೆಲ್ಲ ಬಡಿಸಿ ತಾನು ಊಟಕ್ಕೆ ಕೂರದವರ ಆಸೆ ಅದು.

ಕಳೆದ ಯುಗಾದಿಗೆ ಗಟ್ಟಿ ಮನಸ್ಸು ಮಾಡಿ ಪಂದ್ಯಕ್ಕೆ ತಮ್ಮ ಹೆಸರೂ ಸೇರಿಸಿದರು. ಅಂದಿನಿಂದ ಕೊನೆಯ ಫಾರಂ ಕೈಗೆ ಬಂದರೆ ಅಕ್ಷರಗಳ ಮೇಲೆ ರಟ್ಟಿನ ತುಂಡು ಮುಚ್ಚಿ, ಬುಡದ ಪುಟಸಂಖ್ಯೆ ಮಾತ್ರ ನೋಡಿ ಹೊಲಿಯತೊಡಗಿದರು.

ಎಡವಟ್ಟಾಗಿದ್ದು ಅಲ್ಲೇ. ಒಂದೇ ಪ್ರೆಸ್ಸಿನ, ಒಂದೇ ಅಳತೆಯ ಎರಡು ಕಾದಂಬರಿಗಳು ಒಟ್ಟಿಗೆ ರಿಪೇರಿಗೆ ಬಂದಿದ್ದವು. ಒಂದರಲ್ಲಿ ಜವಳಿ ವ್ಯಾಪಾರಿಯ ಕೊಲೆ, ಇನ್ನೊಂದರಲ್ಲಿ ನಾಟಕ ಕಂಪನಿಯಲ್ಲಿ ಕೊಲೆ. ಎರಡರ ಕೊನೆಯ ಫಾರಮ್ಮೂ ಒಂದೇ ಪುಟಸಂಖ್ಯೆಯಿಂದ ಶುರುವಾಗುತ್ತಿತ್ತು. ಇದರದ್ದು ಅದಕ್ಕೆ, ಅದರದ್ದು ಇದಕ್ಕೆ ಸೇರಿಹೋಯಿತು. ಜವಳಿ ವ್ಯಾಪಾರಿಯನ್ನು ಕೊಂದವನು ಹಾರ್ಮೋನಿಯಂ ಮೇಷ್ಟ್ರು ಎಂದಾಯಿತು. ಆ ಕಥೆಯಲ್ಲಿ ಹಾರ್ಮೋನಿಯಮ್ಮೂ ಇಲ್ಲ, ಮೇಷ್ಟ್ರೂ ಇಲ್ಲ.

ತಮಾಷೆಯೆಂದರೆ, ಮೊದಲು ಓದಿದವರು ಯಾರೂ ತಕರಾರು ಮಾಡಲಿಲ್ಲ. ಒಬ್ಬೊಬ್ಬರಾಗಿ ಬೇವು ತಿಂದು ಹೋದರು. ಮತ್ತಿಕೆರೆಯ ರೂಮಿನಿಂದ ಬರುವ ಇಂಜಿನಿಯರಿಂಗ್ ವಿದ್ಯಾರ್ಥಿ ಲೋಹಿತ್ ಹೇಳುವುದು ಕೇಳಿ: "ಮಧ್ಯೆ ಒಂದು ವಾಕ್ಯ ತುಂಡಾಗಿತ್ತು ಸಾರ್. ಹಳೇ ಬುಕ್ಕು, ಪೇಜ್ ಹೋಗಿರ್ಬೇಕು ಅನ್ಕೊಂಡೆ. ಕಥೇಲೇ ಇಲ್ಲದಿರೋನನ್ನ ಕೊಲೆಗಾರ ಮಾಡ್ಬಿಟ್ನಲ್ಲ, ಲೇಖಕ ಭಾರೀ ಕಿಲಾಡಿ ಅಂತ ಫ್ರೆಂಡ್ಸಿಗೆಲ್ಲ ಹೇಳ್ದೆ."

ಬಿಡದೆ ಹಿಡಿದವರು ಆಂಡಾಳ್. ಮಲ್ಲೇಶ್ವರದ ನಿವೃತ್ತ ಶಾಲಾ ಶಿಕ್ಷಕಿ, ಮೆಟ್ರೋದಲ್ಲಿ ಮಾರ್ಕೆಟ್ಟಿಗೆ ಬಂದು ಅಲ್ಲಿಂದ ನಡೆದು ಬರುತ್ತಾರೆ. ಪಂದ್ಯ ಶುರುವಾದಾಗಿನಿಂದ ಒಂದು ವರ್ಷವೂ ತಪ್ಪಿಸಿದವರಲ್ಲ. ಅಂದು ಬೇವು ಬಾಯಿಗೆ ಹಾಕಲಿಲ್ಲ. "ಅಕ್ಕಯ್ಯಮ್ಮ, ಈ ಮೇಷ್ಟ್ರು ಎಲ್ಲಿಂದ ಬಂದ?" ಎಂದು ಪುಸ್ತಕ ಮುಂದಿಟ್ಟರು.

ಆ ಗಳಿಗೆಯ ಮಾತು ಬಂದಾಗ ಮಾತ್ರ ಅಕ್ಕಯ್ಯಮ್ಮನವರ ಕೈ ನಿಲ್ಲುತ್ತದೆ. "ಅಷ್ಟು ವರ್ಷ ಹೊಲ್ದಿದೀನಿ, ಒಂದು ಫಾರಂ ಆಚೀಚೆ ಆಗಿರ್ಲಿಲ್ಲ. ನನ್ನ ಚಪಲಕ್ಕೆ ಹೀಗಾಯ್ತಲ್ಲ ಅಂತ. ಪಂದ್ಯಾನೂ ಬೇಡ, ಏನೂ ಬೇಡ, ಇನ್ಮೇಲೆ ಕಣ್ಣು ಬಿಟ್ಕೊಂಡೇ ಹೊಲೀತೀನಿ ಅಂದ್ಬಿಟ್ಟೆ." ಸುಮ್ಮನೆ ಬೇವು ತಿಂದವರಿಗೆಲ್ಲ ಬೆಲ್ಲ ಕೊಟ್ಟು ತಪ್ಪಾಯಿತು ಎಂದರು. ಆಮೇಲೆ ಆ ಎರಡೂ ಪುಸ್ತಕ ಬಿಚ್ಚಿ ಸರಿಮಾಡಲು ಕತ್ತಿ ಎತ್ತಿಕೊಂಡರು.

ಆಂಡಾಳ್ ಕೈ ಹಿಡಿದುಕೊಂಡರಂತೆ. "ಮುಟ್ಟಬೇಡಿ. ನೀವು ನೋಡಿದ್ರೆ ನಿಮ್ಮ ಆಟ ಅಲ್ಲಿಗೇ ಮುಗೀತು. ನಂಗೆ ಹೊಲಿಗೆ ಹೇಳಿಕೊಡಿ, ಕೊನೇ ಫಾರಂ ಈ ವರ್ಷ ನಾನು ಹೊಲೀತೀನಿ."

ಹಾಗೆ ಮಾಡಿದರೆ ಎಲ್ಲ ಪುಸ್ತಕಗಳ ಕೊನೆಯೂ ಆಂಡಾಳ್‌ಗೆ ತಿಳಿದುಬಿಡುತ್ತದೆ. ಅವರು ಪಂದ್ಯ ಬಿಡಬೇಕಾಗುತ್ತದೆ. ಬಿಟ್ಟೇಬಿಟ್ಟರು. ಯಾಕೆ ಎಂದು ಕೇಳಿದರೆ ನನ್ನನ್ನೇ ಗದರಿಸುತ್ತಾರೆ. "ಅಷ್ಟು ವರ್ಷ ಬೆಲ್ಲ ತಿಂದಿದೀನಿ. ಈಗ ಡಾಕ್ಟ್ರು ಸಿಹಿ ಬೇಡ ಅಂದಿದಾರೆ. ಸಾಲದಾ?"

ಅಂದಿನಿಂದ ಅಕ್ಕಯ್ಯಮ್ಮ ಪುಸ್ತಕವನ್ನು ಕೊನೆಯ ಫಾರಮ್ಮಿನವರೆಗೆ ತಂದು ಬಿಡುತ್ತಾರೆ. ಆಂಡಾಳ್ ಬಂದು ಓದಿ, ತಾಳೆ ನೋಡಿ, ಹೊಲಿದು ನಾರು ಕಟ್ಟುತ್ತಾರೆ. ಈ ವರ್ಷ ಕೌಂಟರಿನಲ್ಲಿ ನಾರು ಕತ್ತರಿಸುವುದೂ ಅವರೇ, ಉತ್ತರ ಅಕ್ಕಯ್ಯಮ್ಮನವರ ಕಿವಿಗೆ ಬೀಳಬಾರದಲ್ಲ. ಅಕ್ಕಯ್ಯಮ್ಮನವರ ಊಹೆಗಳ ಬಗ್ಗೆ ಲೈಬ್ರರಿಯಲ್ಲಿ ಯಾರನ್ನು ಕೇಳಿದರೂ ನಗುತ್ತಾರೆ. ಇಷ್ಟು ಕೊಲೆಗಾರರನ್ನು ಕಂಡವರು, ಇವರ ಮುಂದೆ ಯಾರೂ ನಿಲ್ಲಲಾರರು ಎಂದುಕೊಂಡಿದ್ದರಂತೆ. ಎಲ್ಲಿಯ ಮಾತು! ಪಾಪದ ಮುಖದವರೆಲ್ಲ ಅವರಿಗೆ ಕೊಲೆಗಾರರೇ.

ಯುಗಾದಿಗೆ ಇನ್ನು ಕೆಲವೇ ದಿನ. ಅವರದು ಹನ್ನೆರಡನೆಯ ಪುಸ್ತಕ ಮಾತ್ರ ಬಾಕಿ. ಅದು ಬೇರೆ ಯಾವುದೂ ಅಲ್ಲ, ಅದೇ ಜವಳಿ ವ್ಯಾಪಾರಿಯ ಕೊಲೆ. ನಿಜವಾದ ಕೊಲೆಗಾರ ಯಾರೆಂದು ಲೈಬ್ರರಿಯ ಅರ್ಧ ಜನಕ್ಕೆ ಗೊತ್ತು. ಒಂದು ವರ್ಷದಿಂದ ಒಬ್ಬರೂ ಬಾಯಿ ಬಿಟ್ಟಿಲ್ಲ.

ಇವತ್ತು ಬಿಸಿಲೇರುವ ಹೊತ್ತಿಗೆ ಆಂಡಾಳ್ ಬರುತ್ತಾರೆ, ಕೌಂಟರಿನ ಹಿಂದೆ ನಿಲ್ಲುತ್ತಾರೆ. ಅಕ್ಕಯ್ಯಮ್ಮ ಕೈಗೆ ಹತ್ತಿದ ಅಂಟು ತೊಳೆದು, ಸೆರಗಿಗೆ ಒರೆಸಿ, ಕೌಂಟರಿನ ಮುಂದೆ ಬಂದು ನಿಲ್ಲುತ್ತಾರೆ. ಈ ಕಡೆ ನಿಂತು ಅಭ್ಯಾಸವಿಲ್ಲ, ಸೆರಗು ಸರಿಮಾಡಿಕೊಳ್ಳುತ್ತಲೇ ಇರುತ್ತಾರೆ.

"ಹೇಳಿ, ಯಾರು?"

"ತಮ್ಮ, ಟೀಚರಮ್ಮ. ವ್ಯಾಪಾರಿ ತಮ್ಮ. ಅಣ್ಣ ಸತ್ತ ದಿನ ಹೊಟ್ಟೆ ತುಂಬ ಉಂಡಿದಾನೆ. ಅಣ್ಣ ಸತ್ತವ್ನು ಹಾಗೆ ಉಣ್ತಾನಾ?"

ಆಂಡಾಳ್ ನಾರು ಕತ್ತರಿಸುತ್ತಾರೆ. ಅಕ್ಕಯ್ಯಮ್ಮ ನಿಂತಲ್ಲೇ ಓದುತ್ತಾರೆ, ತುಟಿ ಅಲ್ಲಾಡುತ್ತಿದೆ. ವೃಷಭೇಂದ್ರಪ್ಪನವರು ಫ್ಯಾನು ಆರಿಸುತ್ತಾರೆ, ಪುಟ ಹಾರದಿರಲಿ ಎಂದು. ಒಂದು ಪುಟ, ಇನ್ನೊಂದು ಪುಟ. ಇದ್ದಕ್ಕಿದ್ದಂತೆ ಕೈ ಬಾಯಿಯ ಮೇಲೆ ಹೋಗುತ್ತದೆ.

"ಅಯ್ಯೋ! ಇವ್ನಾ?"

ಯಾರು ಎಂದು ನಾನು ಬರೆಯುವುದಿಲ್ಲ. ನಾಳೆ ಆ ಪುಸ್ತಕಕ್ಕೆ ಮತ್ತೆ ನಾರು ಬೀಳಲಿದೆ.

ಆಂಡಾಳ್ ಬೇವಿನ ಡಬ್ಬಿ ಮುಂದೆ ಹಿಡಿಯುತ್ತಾರೆ. ಅಕ್ಕಯ್ಯಮ್ಮ ಚಿಟಿಕೆಯಲ್ಲ, ಐದೂ ಬೆರಳು ತುಂಬ ತೆಗೆದು ಬಾಯಿಗೆ ಹಾಕಿ ಅಗಿಯುತ್ತಾರೆ. ಮುಖ ಕಿವುಚಿಕೊಂಡು ನಗುತ್ತಾರೆ. ಕಣ್ಣಲ್ಲಿ ನೀರಿದೆ, ಅದು ಕಹಿಯಿಂದ ಬಂದದ್ದಲ್ಲವೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತು.

ಮತ್ತೆ ಓದುವುದಕ್ಕೋ ಏನೋ, ಪುಸ್ತಕವನ್ನು ಇನ್ನೊಮ್ಮೆ ತೆರೆಯುತ್ತಾರೆ. ಓದುತ್ತಿಲ್ಲ. ಕೊನೆಯ ಫಾರಮ್ಮಿನ ನಡುವೆ ಹೆಬ್ಬೆರಳಾಡಿಸಿ, ಸೊಟ್ಟಗೆ ಓಡಿದ ದಾರವನ್ನು ನೋಡುತ್ತಾರೆ. ಆಮೇಲೆ ಆಂಡಾಳ್ ಕಡೆ ತಿರುಗುತ್ತಾರೆ.

"ತಪ್ಪು ತಿಳ್ಕೋಬೇಡಿ ಟೀಚರಮ್ಮ. ನಿಮ್ಮ ಈ ಸೊಟ್ಟ ಹೊಲಿಗೇನ ವರ್ಷವೆಲ್ಲ ನೋಡಿಯೂ ನೋಡ್ದಂಗಿದ್ದೆ. ಈಗ ಕೊಲೆಗಾರ ಗೊತ್ತಾಯ್ತಲ್ಲ, ಇದನ್ನ ಬಿಚ್ಚಿ ನಾನೇ ಹೊಲೀತೀನಿ."